ನೆಂಟರ ಮುಂದೆ ಕೆಡದ ಸೈಕಲ್ಲು

2023ರ ಬೇಸಿಗೆ. ದೂರವಾಣಿ ಇಲಾಖೆಯಲ್ಲಿ ಉಪವಿಭಾಗದ ಎಂಜಿನಿಯರ್ ಆಗಿ ನಿವೃತ್ತನಾಗಿ ನನಗೆ ಎರಡು ವರ್ಷ ಕಳೆದಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರು ಊರುಗಳ ಎಕ್ಸ್‌ಚೇಂಜುಗಳಲ್ಲೇ ನನ್ನ ನೌಕರಿ ಸವೆದದ್ದು. ಕೊತ್ತತ್ತಿಯ ನಾಲೆ ಏರಿಯ ಮೇಲೆ ಕೇಬಲ್ ಹೂಳಿಸಿದ್ದೇನೆ, ಕೆರಗೋಡಿನಲ್ಲಿ ಕಂಬ ನಿಲ್ಲಿಸಿದ್ದೇನೆ. ಕೊನೆಯ ವರ್ಷಗಳಲ್ಲಿ ಮೊಬೈಲ್ ಗೋಪುರಗಳ ರೇಡಿಯೋ ಸಿಗ್ನಲ್ ನೋಡಿಕೊಳ್ಳುವ ಕೆಲಸ. ನಿವೃತ್ತಿಯ ನಂತರ ಮಂಡ್ಯದ ನಮ್ಮ ಬೀದಿಯವರ ವೈಫೈ ಸರಿಮಾಡಿಕೊಡುವುದೇ ನನ್ನ ಉದ್ಯೋಗವಾಯಿತು. ಸಂಬಳವಿಲ್ಲ, ಕಾಫಿ ಧಾರಾಳ. "ನೌಕ್ರಿಲಿದ್ದಾಗ ಕರುದ್ರೂ ಓಯ್ತಿರ್ಲಿಲ್ಲ, ಈಗ ಕರೀದೆ ಇದ್ರೂ ಓಯ್ತೀರಿ" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಏಪ್ರಿಲ್‌ನ ಒಂದು ಬೆಳಗ್ಗೆ ಮಳವಳ್ಳಿಯಿಂದ ಮಹದೇವು ಫೋನ್ ಮಾಡಿದರು. ಅವರು ಅಲ್ಲಿನ ಒಂದು ಪದವಿಪೂರ್ವ ಕಾಲೇಜಿನ ದೈಹಿಕ ಶಿಕ್ಷಣ ಮೇಷ್ಟ್ರು, ನಾನು ಮಳವಳ್ಳಿಯಲ್ಲಿದ್ದಾಗಿನ ಪರಿಚಯ.

"ಸಾರ್, ನಮ್ಮುಡ್ಗಿ ಒಬ್ಳ ಸೈಕಲ್ಲು ಕೆಟ್ಟೋಗದೆ. ಒಸಿ ಬಂದು ನೋಡ್ಬೇಕಿತ್ತು."

ಸೈಕಲ್ ಕೆಟ್ಟರೆ ಸೈಕಲ್ ಶಾಪಿನವರನ್ನು ಕರೆಯಬೇಕು, ನನ್ನನ್ನೇಕೆ ಎಂದು ಕೇಳಿದೆ.

"ಚೈನು ಟೈರು ಎಲ್ಲಾ ಸರ್ಯಾಗದೆ ಸಾರ್. ಸಿಗ್ನಲ್ ಕೆಟ್ಟಿರೋದು" ಎಂದರು.

ಸೈಕಲ್ಲಿಗೆ ಸಿಗ್ನಲ್! ಅರವತ್ತೆರಡು ವರ್ಷದ ನನ್ನ ಕಿವಿಗೆ ಅದು ಹೊಸದು. ಮಾರನೆಯ ದಿನವೇ ಮದ್ದೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ.

ಬೆಳಕವಾಡಿ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಹುಡುಗಿಯ ಹೆಸರು ರಂಜಿತ, ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಕೂತಿದ್ದಳು. ದಿನವೂ ಹಳ್ಳಿಯಿಂದ ಮಳವಳ್ಳಿಯ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗಿ ಬಂದು ಮಾಡುತ್ತಿದ್ದವಳನ್ನು ಮಹದೇವು ಮೇಷ್ಟ್ರು ಜಿಲ್ಲಾ ಮಟ್ಟದ ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಅವಳನ್ನು ಕಂಡ ಒಂದು ಸೈಕ್ಲಿಂಗ್ ತರಬೇತಿ ಕೇಂದ್ರದವರು ಆಯ್ಕೆಯ ಕೊನೆಯ ಸುತ್ತಿಗೆ ಸೇರಿಸಿಕೊಂಡು, ಮನೆಯಲ್ಲೇ ಅಭ್ಯಾಸ ಮಾಡಲು ಒಂದು ಸ್ಮಾರ್ಟ್ ಟ್ರೈನರ್ ಕಳಿಸಿಕೊಟ್ಟಿದ್ದರು.

ಆ ಯಂತ್ರವನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿಯೇ. ಸೈಕಲ್ಲಿನ ಹಿಂದಿನ ಚಕ್ರ ತೆಗೆದು ಆ ಜಾಗಕ್ಕೆ ಕೂರಿಸುವ ಕಬ್ಬಿಣದ ಸಾಧನ ಅದು. ಒಳಗೆ ತೂಕದ ಒಂದು ಗಾಲಿ ಇರುತ್ತದೆ. ನಿಂತಲ್ಲೇ ಪೆಡಲ್ ತುಳಿದರೆ, ಸವಾರ ಎಷ್ಟು ಶಕ್ತಿ ಹಾಕುತ್ತಿದ್ದಾನೆ ಎಂಬುದನ್ನು ವ್ಯಾಟ್ ಲೆಕ್ಕದಲ್ಲಿ ಅಳೆದು ರೇಡಿಯೋ ಮೂಲಕ ಕಳಿಸುತ್ತಾ ಹೋಗುತ್ತದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಡಾಂಗಲ್ ಎಂಬ ಹೆಬ್ಬೆಟ್ಟಿನ ಗಾತ್ರದ ರಿಸೀವರ್ ಅದನ್ನು ಹಿಡಿಯುತ್ತದೆ. ಅಲ್ಲಿಂದ ಇಂಟರ್ನೆಟ್‌ನಲ್ಲಿ ಆ ಅಂಕಿಗಳು ಬೆಂಗಳೂರಿನಲ್ಲಿ ಕೂತ ಕೋಚ್ ಕಣ್ಣಿಗೆ ಬೀಳುತ್ತವೆ. ಇಪ್ಪತ್ತು ನಿಮಿಷ ಬಿಡದೆ ಪೂರ್ತಿ ಶಕ್ತಿ ಹಾಕಿ ತುಳಿಯುವುದೇ ಪರೀಕ್ಷೆ. ಅಂಕಿಗಳ ಸಾಲು ನಡುವೆ ಎಲ್ಲೂ ಕಡಿಯಬಾರದು.

ರಂಜಿತಳ ಸಾಲು ಎರಡು ಸಲವೂ ಕಡಿದಿತ್ತು. ಮೊದಲ ಹತ್ತು ನಿಮಿಷ ಸರಿಯಾಗಿ ಬಂದು, ಆಮೇಲೆ ಚೂರುಚೂರಾಗಿ, ಕೊನೆಗೆ ಏನೂ ಇಲ್ಲ. ಬರೀ ಅಭ್ಯಾಸದ ದಿನಗಳಲ್ಲೂ ಅದೇ ಪಾಡು.

"ನಾನು ತುಳೀತಾನೇ ಇದ್ದೆ ಸಾರ್. ಒಂದ್ ಸೆಕೆಂಡೂ ಕಾಲ್ ನಿಲ್ಸಿಲ್ಲ" ಎಂದಳು ರಂಜಿತ. ಸಣ್ಣ ಮೈಕಟ್ಟಿನ, ನೇರ ಮಾತಿನ ಹುಡುಗಿ. ಇಳಿದು ಬಂದು ಲ್ಯಾಪ್‌ಟಾಪ್ ನೋಡುವವರೆಗೂ ಅವಳಿಗೆ ಕಡಿದದ್ದು ಗೊತ್ತಾಗುತ್ತಿರಲಿಲ್ಲವಂತೆ. ಏಕೆಂದರೆ ಹ್ಯಾಂಡಲ್ ಮೇಲೆ ಕೂರಿಸಿದ್ದ ಬೆಂಕಿಪೊಟ್ಟಣದಷ್ಟು ಚಿಕ್ಕ ಡಿಸ್‌ಪ್ಲೇ ಅದೇ ಟ್ರೈನರಿನ ಸಿಗ್ನಲ್ ಹಿಡಿದು, ಕೊನೆಯವರೆಗೂ ಅಂಕಿ ತೋರಿಸುತ್ತಲೇ ಇರುತ್ತಿತ್ತು.

ಇದನ್ನು ಕೇಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳಲಾರೆ. ಹತ್ತಿರದ ರಿಸೀವರಿಗೆ ಕೇಳುತ್ತದೆ, ದೂರದ್ದಕ್ಕೆ ಕೇಳುವುದಿಲ್ಲ ಎಂದರೆ ಯಂತ್ರ ಮಾತಾಡುವುದನ್ನು ನಿಲ್ಲಿಸಿಲ್ಲ ಎಂದರ್ಥ. ತೊಂದರೆ ನಡುವಿನ ದಾರಿಯಲ್ಲಿದೆ. ದೂರವಾಣಿಯವನಿಗೆ ನಡುವಿನ ದಾರಿ ಎಂದರೆ ತವರುಮನೆ.

ಆ ದಾರಿ ಹೀಗಿತ್ತು. ಅವರದು ರೇಷ್ಮೆ ಸಾಕುವ ಮನೆ. ವಾಸದ ಮನೆಯ ಹಿಂದೆ ಅಂಗಳ ದಾಟಿದರೆ ಹುಳುಮನೆ, ಅದಕ್ಕೆ ಅಂಟಿಕೊಂಡು ಹಿಪ್ಪುನೇರಳೆ ಸೊಪ್ಪು ಇಡುವ ಕೋಣೆ. ಕಲ್ಲುಗೋಡೆ, ತಗಡಿನ ಚಾವಣಿ, ಜಗುಲಿಯ ಕಡೆಗೆ ಒಂದೇ ಒಂದು ಕಿಟಕಿ. ಬೇರೆ ಜಾಗವಿಲ್ಲದೆ ಟ್ರೈನರನ್ನು ಈ ಸೊಪ್ಪಿನ ಕೋಣೆಯ ಒಂದು ಬದಿಗೆ ಇಟ್ಟಿದ್ದರು. ಮನೆಯ ವೈಫೈ ಆ ಕಲ್ಲುಗೋಡೆ ದಾಟಿ ಒಳಗೆ ಬರುತ್ತಿರಲಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಹೊರಗೆ ಜಗುಲಿಯ ಸ್ಟೂಲಿನ ಮೇಲೆ. ಟ್ರೈನರಿನಿಂದ ಅದಕ್ಕೆ ಹನ್ನೆರಡು ಅಡಿ ಇರಬಹುದು, ಕಿಟಕಿಯ ಮೂಲಕ ನೇರ ನೋಟ.

"ನೀನು ತುಳಿ, ನೋಡೋಣ" ಎಂದೆ. ಅರ್ಧ ಗಂಟೆ ತುಳಿದಳು. ಒಂದು ಅಂಕಿಯೂ ತಪ್ಪಲಿಲ್ಲ.

ನಮ್ಮ ವೃತ್ತಿಯಲ್ಲಿ ಇದಕ್ಕೆ ಇಂಟರ್‌ಮಿಟೆಂಟ್ ಫಾಲ್ಟ್ ಎನ್ನುತ್ತಾರೆ, ಬಂದು ಹೋಗುವ ದೋಷ. ಸತ್ತ ಲೈನು ಸರಿಮಾಡುವುದು ಸುಲಭ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಒಮ್ಮೆ ಸಾಯುವ, ಒಮ್ಮೆ ಬದುಕುವ ಲೈನಿನ ಹಿಂದೆ ಬಿದ್ದರೆ ತಲೆ ಕೆಡುತ್ತದೆ. ಆದರೂ ಬರಿಗೈಯಲ್ಲಿ ಹೋಗುವ ಜಾಯಮಾನ ನನ್ನದಲ್ಲ. ಹುಡುಕಿದ್ದಕ್ಕೆ ಎರಡು ಸಣ್ಣ ತಪ್ಪು ಸಿಕ್ಕವು. ಡಾಂಗಲ್ ಪಕ್ಕದಲ್ಲೇ ಒಂದು ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರು, ಅದು ಅದೇ 2.4 ಗಿಗಾಹರ್ಟ್ಸ್ ತರಂಗಾಂತರದಲ್ಲಿ ಗಲಾಟೆ ಎಬ್ಬಿಸುವ ಜಾತಿಯದು. ಅದನ್ನು ಕಿತ್ತೆ. ವೈಫೈ ಕೂಡ ಅದೇ ತರಂಗಾಂತರದ್ದು, ಅದರ ಚಾನೆಲ್ ಬದಲಿಸಿ ದೂರ ಸರಿಸಿದೆ. ಟ್ರೈನರಿನ ಸಾಫ್ಟ್‌ವೇರನ್ನೂ ಹೊಸದು ಮಾಡಿದೆ. ಅಷ್ಟರಲ್ಲಿ ರಂಜಿತಳ ತಾಯಿ ಚಿಕ್ಕತಾಯಮ್ಮ ಉಪ್ಪಿಟ್ಟು, ಕಾಫಿ ತಂದು ಜಗುಲಿಯಲ್ಲಿ ಇಟ್ಟು, "ಏನೋ ಬಡವ್ರ ಮನೆ, ತಿನ್ನಿ ಸಾ" ಎಂದು ಬಾಗಿಲ ಮರೆಗೆ ನಿಂತರು. ತಿಂದು, ಗೆದ್ದವನ ಗತ್ತಿನಲ್ಲಿ ಬಸ್ಸು ಹತ್ತಿದೆ.

ಮಾರನೆಯ ದಿನ ರಂಜಿತಳ ಫೋನ್. "ಸಾರ್, ಇವತ್ತೂ ಕಡೀತು."

ಈ ಸಲ ಮಹದೇವು ಮೇಷ್ಟ್ರು ಫೋನಿನಲ್ಲೇ ಮೂರು ಕಡೆಯನ್ನೂ ಕೂಡಿಸಿದರು, ಕೋಚ್ ಜೊತೆ ನಾನೇ ಮಾತಾಡಿದೆ. ಸಭ್ಯ ಮನುಷ್ಯ, ಆದರೆ ಮಾತು ಖಡಾಖಂಡಿತ. "ಸರ್, ಮೊದಲ ಹತ್ತು ನಿಮಿಷದ ಅಂಕಿ ತುಂಬ ಚೆನ್ನಾಗಿದೆ. ಆಮೇಲೆ ಏನೂ ಇಲ್ಲ. ಸುಸ್ತಾಗಿ ಇಳಿದುಬಿಟ್ಟು ಸಿಗ್ನಲ್ ಹೋಯಿತು ಅಂತ ಹೇಳುವ ಮಕ್ಕಳನ್ನೂ ನಾನು ನೋಡಿದ್ದೇನೆ. ಕಾರಣ ಏನು ಅಂತ ಗೊತ್ತಾಗದೆ ಮೂರನೇ ಅವಕಾಶ ಕೊಡೋಕೆ ಆಗಲ್ಲ. ಯಂತ್ರ ಮುಂದಿನ ಹುಡುಗಿಗೆ ಕಳಿಸಬೇಕು."

ಹುಡುಗಿ ಮೇಷ್ಟ್ರ ಪಕ್ಕದಲ್ಲೇ ಇದ್ದಳಂತೆ, ಅವರ ಫೋನಿನ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಳು. ಆಯ್ಕೆಯಾಗದಿದ್ದರೆ ಹೋಗಲಿ, ಸುಳ್ಳಿ ಎನಿಸಿಕೊಂಡು ಯಂತ್ರ ವಾಪಸು ಕಳಿಸುವುದಿದೆಯಲ್ಲ, ಅದು ಬೇರೆ. ನನಗೂ ಕೋಪ ಬಂತು. ಕೋಚ್ ಮೇಲಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳುತ್ತಿದ್ದೆ. ನನ್ನ ಕಣ್ಣೆದುರು ಸಾಚಾ ಆಗಿ, ಬೆನ್ನ ಹಿಂದೆ ಕೆಡುವ ಆ ಯಂತ್ರದ ಮೇಲೆ ಕೋಪ.

ಎರಡನೇ ಸಲ ಹೋಗುವಾಗ ತಯಾರಾಗಿ ಹೋದೆ. ಹಳೆಯ ಸಹೋದ್ಯೋಗಿಯೊಬ್ಬರಿಂದ ಸ್ಪೆಕ್ಟ್ರಮ್ ಅನಲೈಸರ್ ಕೇಳಿ ತಂದಿದ್ದೆ. ಗಾಳಿಯಲ್ಲಿ ಯಾವ ರೇಡಿಯೋ ತರಂಗ ಎಷ್ಟು ಜೋರಾಗಿದೆ ಎಂದು ಪರದೆಯ ಮೇಲೆ ತೋರಿಸುವ ಉಪಕರಣ ಅದು. ದಾರಿಯಲ್ಲಿ ಒಂದು ಸಿದ್ಧಾಂತವೂ ತಯಾರಾಗಿತ್ತು. ಯಾವ ದಿನ ಎಷ್ಟು ಹೊತ್ತಿಗೆ ಕಡಿಯಿತು ಎಂದು ರಂಜಿತಳನ್ನು ಕೇಳಿದ್ದೆ. ಬಿಸಿಲು ಹೆಚ್ಚಿದ್ದ ದಿನ ಬೇಗ, ಮೋಡವಿದ್ದ ದಿನ ತಡವಾಗಿ. ಒಂದು ಮುಂಜಾನೆ ತಂಪಿನಲ್ಲಿ ತುಳಿದಾಗ ಕಡಿಯಲೇ ಇಲ್ಲವಂತೆ. ಸರಿ, ಇದು ಶಾಖದ ಕೆಲಸ. ಟ್ರೈನರಿನೊಳಗಿನ ಗಾಲಿ ಬಿಸಿಯಾಗಿ, ಪಕ್ಕದ ರೇಡಿಯೋ ಸರ್ಕ್ಯೂಟ್ ಕಾದು, ಸಿಗ್ನಲ್ ದುರ್ಬಲವಾಗುತ್ತಿದೆ. ಹತ್ತಿರದ ಡಿಸ್‌ಪ್ಲೇಗೆ ಆ ದುರ್ಬಲ ದನಿಯೇ ಸಾಕು, ದೂರದ ಡಾಂಗಲಿಗೆ ಸಾಲದು. ಎಲ್ಲ ಲೆಕ್ಕಕ್ಕೂ ಉತ್ತರ ಸಿಕ್ಕಿತು ಎಂದುಕೊಂಡು ಮಳವಳ್ಳಿಯಲ್ಲಿ ಇಳಿದಾಗ ಒಂದು ಮಸಾಲೆ ದೋಸೆ ತಿಂದೆ.

ಅವತ್ತು ಸುಡುಬಿಸಿಲು. ಬೇಕೆಂದೇ ಹನ್ನೊಂದು ಗಂಟೆಗೆ ತುಳಿಸಿದೆ. ತಗಡಿನ ಕೆಳಗೆ ಕೋಣೆ ಕಾದ ಹೆಂಚಿನಂತಾಗಿತ್ತು. ಟ್ರೈನರಿನ ಮೈ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ರಂಜಿತಳ ಮುಖ ಕೆಂಪಗಾಗಿ, ಬೆವರು ಹ್ಯಾಂಡಲಿನಿಂದ ತೊಟ್ಟಿಕ್ಕುತ್ತಿತ್ತು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಅನಲೈಸರಿನಲ್ಲಿ ಸಿಗ್ನಲ್ ಮೈನಸ್ ಅರವತ್ತೆರಡರ ಆಸುಪಾಸಿನಲ್ಲಿ ಜಪ್ಪಯ್ಯ ಎಂದರೂ ಅಲುಗಾಡಲಿಲ್ಲ. ಈ ಲೆಕ್ಕದಲ್ಲಿ ಮೈನಸ್ ಅಂಕಿ ದೊಡ್ಡದಾದಷ್ಟೂ ದನಿ ಸಣ್ಣದು. ಅರವತ್ತೆರಡು ಎಂದರೆ ಚೆನ್ನಾಗಿ ಕೇಳುವ ದನಿ. ನನ್ನ ಶಾಖದ ಸಿದ್ಧಾಂತ ನನ್ನ ಕಣ್ಣೆದುರೇ ಮಗುಚಿಕೊಂಡಿತು.

ಅಕ್ಕಪಕ್ಕದ ಪಂಪ್‌ಸೆಟ್ಟುಗಳ ಆಟೋ ಸ್ಟಾರ್ಟರ್ ನೋಡಿದೆ. ಎದುರು ಮನೆಯ ಸಿಸಿಟಿವಿ ನೋಡಿದೆ. ತ್ರೀಫೇಸ್ ಕರೆಂಟು ಬಂದಾಗ, ಹೋದಾಗ ನೋಡಿದೆ. ಯಾವುದರದ್ದೂ ತಪ್ಪಿಲ್ಲ. ಇತ್ತ ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬರುತ್ತಿತ್ತು. ಚಿಕ್ಕತಾಯಮ್ಮ ಬೆಳಗಿನಿಂದ ಆಚೆಗೆ ಕಾಲಿಟ್ಟಿರಲಿಲ್ಲ. ಮಧ್ಯಾಹ್ನ ಬಾಳೆಎಲೆ ಹಾಕಿ, ನಾಟಿಕೋಳಿ ಸಾರು, ಮುದ್ದೆ ಬಡಿಸಿ, ಮುಗಿಯುವವರೆಗೂ ಎದುರಿಗೇ ನಿಂತರು. "ನಮ್ ಕೂಸ್ಗೋಸ್ಕರ ಅಷ್ಟ್ ದೂರ್ದಿಂದ ಬತ್ತೀರಿ, ಇಷ್ಟೂ ಮಾಡ್ದಿದ್ರೆ ಎಂಗೆ ಸಾ" ಎಂದರು. ಅಂಥ ಸಾರು ನಾನು ಈಚೆಗೆ ತಿಂದಿರಲಿಲ್ಲ. ಆದರೆ ಅದು ಅನ್ನದ ಋಣ. ಆ ಮನೆಗೆ ನಾನು ಏನನ್ನೂ ಮಾಡಿಕೊಟ್ಟಿರಲಿಲ್ಲ.

ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಾ ಕೂತಾಗ ಯೋಚಿಸಿದೆ. ಎರಡು ಸಲ ಹೋದೆ, ಎರಡು ಸಲವೂ ಕಡಿಯಲಿಲ್ಲ. ನಾನಿಲ್ಲದ ದಿನ ಬಿಸಿಲೇರಿದರೆ ಕಡಿಯುತ್ತದೆ. ಬಿಸಿಲು ಅದೇ, ಯಂತ್ರ ಅದೇ, ಗೋಡೆ ಅದೇ, ತುಳಿಯುವವಳು ಅವಳೇ. ಎರಡು ದಿನಗಳ ನಡುವೆ ವ್ಯತ್ಯಾಸ ಎಂದು ಇದ್ದದ್ದು ಒಂದೇ, ನಾನು. ನಾನು ಇದ್ದರೆ ಏನು ಬದಲಾಗುತ್ತದೆ? ನನ್ನ ಮೈಯಿಂದೇನೂ ಸಿಗ್ನಲ್ ಹೊರಡುವುದಿಲ್ಲ. ಬದಲಾಗುವುದು ಮನೆಯವರ ನಡವಳಿಕೆ. ನಾನು ಬಂದೆನೆಂದರೆ ಅಂಗಳ ಗುಡಿಸಿರುತ್ತದೆ, ಜಗುಲಿಗೆ ಚಾಪೆ ಬಿದ್ದಿರುತ್ತದೆ, ಒಲೆ ಹೊತ್ತಿರುತ್ತದೆ. ನಾನು ನೋಡುತ್ತಿದ್ದದ್ದು ನೆಂಟರಿಗಾಗಿ ಅಣಿಮಾಡಿದ ಮನೆಯನ್ನು. ದೋಷ ಇದ್ದದ್ದು ದಿನನಿತ್ಯದ ಮನೆಯಲ್ಲಿ, ಆ ಮನೆಯನ್ನು ನಾನು ಇನ್ನೂ ನೋಡಿರಲೇ ಇಲ್ಲ. ಮಂಡ್ಯದ ಬಸ್ಸು ಬಂದು ಹೋಯಿತು. ಹತ್ತಲು ಮರೆತಿದ್ದೆ.

ಮೂರನೇ ಸಲ ಹೋದಾಗ ಬಾಗಿಲಲ್ಲೇ ಚಿಕ್ಕತಾಯಮ್ಮನವರನ್ನು ನಿಲ್ಲಿಸಿ ಹೇಳಿದೆ. "ಅಮ್ಮ, ಇವತ್ತು ನನಗೆ ಕಾಫಿ ಬೇಡ, ಊಟ ಬೇಡ. ನಾನು ಬಂದೇ ಇಲ್ಲ ಅಂದುಕೊಂಡು ನಿಮ್ಮ ಕೆಲಸ ನೀವು ಮಾಡಿಕೊಳ್ಳಿ."

ಅವರ ಮುಖ ಸಣ್ಣದಾಯಿತು. "ಯಾಕ್ ಸಾ, ಮೊನ್ನೆ ಸಾರು ಸಂದಾಗಿರ್ನಿಲ್ವಾ?"

ಪಜೀತಿಗೆ ಇಟ್ಟುಕೊಂಡಿತು. ಸಾರು ಅಮೃತದ ಹಾಗಿತ್ತು, ಇದು ಪರೀಕ್ಷೆಯ ಭಾಗ ಎಂದೆಲ್ಲ ವಿವರಿಸಿದೆ. "ಮನೆಗ್ ಬಂದೋರ್ಗೆ ಒಂದ್ ಲೋಟ ನೀರೂ ಕೊಡ್ದೆ ಕೂರ್ಸುದ್ರೆ ನೋಡ್ದೋರ್ ಏನಂದಾರು?" ಎಂದು ಅವರು ಜಗ್ಗಲೇ ಇಲ್ಲ. ಕೊನೆಗೆ ರಂಜಿತ ನಡುವೆ ಬಂದಳು. "ಅವ್ವ, ಅವ್ರ್ ಏಳ್ದಂಗ್ ಕೇಳವ್ವ. ಕೆಲ್ಸ ಮುಗುದ್ ಮ್ಯಾಕೆ ಏನಾರ ಕೊಡೀವಂತೆ." ಒಂದು ಚೊಂಬು ಮಜ್ಜಿಗೆಗೆ ರಾಜಿಯಾಯಿತು. ಅದನ್ನು ಕುಡಿದು, ಅಂಗಳದ ಆಚೆ ಕೊಟ್ಟಿಗೆಯ ನೆರಳಿನಲ್ಲಿ, ಅವರ ಓಡಾಟಕ್ಕೆ ಅಡ್ಡವಾಗದಂತೆ ಹಸುಗಳ ಪಕ್ಕ ಕೂತೆ. ಅಲ್ಲಿಂದ ಜಗುಲಿ, ಕಿಟಕಿ, ಲ್ಯಾಪ್‌ಟಾಪಿನ ಪರದೆ ಮೂರೂ ಕಾಣುತ್ತಿದ್ದವು. ಅನಲೈಸರನ್ನು ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಟು ಬಂದಿದ್ದೆ.

ರಂಜಿತ ತುಳಿಯತೊಡಗಿದಳು. ಚಿಕ್ಕತಾಯಮ್ಮ ಮೊದಲು ನನ್ನ ಕಡೆ ಒಂದೆರಡು ಸಲ ನೋಡಿ ಮುಜುಗರಪಟ್ಟುಕೊಂಡರು. ಆದರೆ ಹುಳುಗಳು ನಾಲ್ಕನೇ ಜ್ವರ ಕಳೆದು ಎದ್ದ ದಿನ ಅದು. ಜ್ವರ ಎಂದರೆ ಹುಳು ಪೊರೆ ಬಿಡುವ ಹೊತ್ತು, ಅದು ಕಳೆದರೆ ವಿಪರೀತ ಹಸಿವು. ಬಿಡುವಿಲ್ಲದ ಕೆಲಸ ಅವರನ್ನು ಎಳೆದುಕೊಂಡಿತು. ಸೊಪ್ಪು ಹೊತ್ತು ತಂದರು, ಹಾಕಿದರು, ಮತ್ತೆ ತಂದರು. ನಾನು ಇರುವುದು ಅವರಿಗೆ ಮರೆತೇಹೋಯಿತು.

ಸ್ವಲ್ಪ ಹೊತ್ತಿನ ನಂತರ ಅವರು ಸೊಪ್ಪಿನ ಕೋಣೆಗೆ ಬಂದು ಮಗಳ ಮುಖ ನೋಡಿದರು. ಮೂಲೆಯಲ್ಲಿ ಸೊಪ್ಪಿನ ರಾಶಿ ಬಾಡದಂತೆ ಒದ್ದೆ ಗೋಣಿತಾಟು ಮುಚ್ಚಿತ್ತು. ಅದನ್ನು ಎತ್ತಿಕೊಂಡು ಹೊರಗೆ ಬಂದು, ತೊಟ್ಟಿಯಲ್ಲಿ ಅದ್ದಿ, ನೀರು ಸುರಿಯುತ್ತಿದ್ದಂತೆಯೇ ಎರಡು ಮಡಿಕೆ ಮಾಡಿ ಕಿಟಕಿಯ ಸರಳಿಗೆ ಉದ್ದಕ್ಕೆ ಇಳಿಬಿಟ್ಟರು. ಮತ್ತೆ ಹುಳುಮನೆಗೆ ಹೋದರು.

ನಾನು ಎದ್ದು ಜಗುಲಿಗೆ ಓಡಿದೆ. ಮೈನಸ್ ಅರವತ್ತೆರಡು ಇದ್ದದ್ದು ಎಪ್ಪತ್ತೈದು ದಾಟಿತ್ತು. ಲ್ಯಾಪ್‌ಟಾಪಿನಲ್ಲಿ ಅಂಕಿಗಳ ಗೆರೆ ತುಂಡಾಗಿ, ಒಮ್ಮೆ ಕೂಡಿ, ಮತ್ತೆ ತುಂಡಾಗಿ, ಸೊನ್ನೆಗೆ ಬಿತ್ತು. ಒಳಗೆ ಪೆಡಲಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು. ತಾಟಿನ ಒಂದು ಮೂಲೆ ಎತ್ತಿ ಹಿಡಿದೆ, ಗೆರೆ ಬಂತು. ಬಿಟ್ಟೆ, ಹೋಯಿತು. ಎತ್ತಿದೆ, ಬಂತು. ಅದೆಷ್ಟು ಸಲ ಹಾಗೆ ಮಾಡಿದೆನೋ. ಆ ಹೊತ್ತಿನ ಸಂತೋಷಕ್ಕೆ ನನ್ನ ಹತ್ತಿರ ಬೇರೆ ಮಾತಿಲ್ಲ.

ವಿಷಯ ಇಷ್ಟೆ. 2.4 ಗಿಗಾಹರ್ಟ್ಸ್ ತರಂಗಕ್ಕೆ ನೀರು ಕಂಡರೆ ಆಗದು. ನೀರು ಅದನ್ನು ಒಂದಷ್ಟು ಹೀರುತ್ತದೆ, ಒಂದಷ್ಟು ಹಿಂದಕ್ಕೆ ತಳ್ಳುತ್ತದೆ. ಒಣ ಗೋಣಿ ಲೆಕ್ಕಕ್ಕೇ ಇಲ್ಲ, ಗಾಳಿಯ ಹಾಗೆ ದಾಟಿಹೋಗುತ್ತದೆ. ನೀರು ಕುಡಿದ ಎರಡು ಮಡಿಕೆ ಗೋಣಿಯೆಂದರೆ ನೀರಿನದೇ ಒಂದು ತೆಳುಗೋಡೆ. ಸುತ್ತ ಕಲ್ಲು, ಮೇಲೆ ತಗಡು, ಸಿಗ್ನಲ್ಲಿಗೆ ಇದ್ದದ್ದು ಅದೊಂದೇ ಕಿಟಕಿ. ಬಿಸಿಲು ಹೆಚ್ಚಿದ ದಿನ ತಾಯಿ ಬೇಗ ತಾಟು ಇಳಿಬಿಡುತ್ತಿದ್ದರು, ಮೋಡದ ದಿನ ತಡವಾಗಿ, ತಂಪಿನ ಮುಂಜಾನೆ ಬಿಡುತ್ತಲೇ ಇರಲಿಲ್ಲ. ಮಗಳು ತುಳಿಯುವುದು ನಿಂತ ಕೂಡಲೇ ಸೊಪ್ಪು ಬಾಡೀತೆಂದು ತಾಟು ಮತ್ತೆ ರಾಶಿಯ ಮೇಲೆ. ಯಾರಾದರೂ ಲ್ಯಾಪ್‌ಟಾಪಿನ ಹತ್ತಿರ ಬರುವ ಹೊತ್ತಿಗೆ ಕಿಟಕಿ ಖಾಲಿ. ನಾನು ಬಂದ ದಿನ ಅವರು ಅಡುಗೆಮನೆ ಬಿಟ್ಟು ಬರುತ್ತಿರಲಿಲ್ಲ.

ಇಳಿದು ಬಂದ ರಂಜಿತಳನ್ನು ಕೇಳಿದೆ, ಇದನ್ನು ಯಾಕೆ ಹೇಳಲಿಲ್ಲ ಎಂದು. ಅವಳು ಬೆಪ್ಪಾಗಿ ತಾಟನ್ನೇ ನೋಡಿದಳು. "ಅದು ದಿನಾ ಇರೋದಲ್ವಾ ಸಾರ್. ಬೇಸ್ಗೆ ಅಂದ್ರೆ ತಾಟು ಕಟ್ಟೋದು. ಅದ್ನ ಏನಂತ ಏಳ್ಬೇಕಿತ್ತು?" ಅವಳು ಹೇಳಿದ್ದು ನಿಜ. ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ತಾಟು ಕಟ್ಟಿ ಹುಳುವನ್ನು ತಂಪಾಗಿಡುವುದು ಆ ಸೀಮೆಯ ಮನೆಮನೆಯ ರೂಢಿ. ಹುಳುವಿಗೆ ಮಾಡುವುದನ್ನೇ ತಾಯಿ ಮಗಳಿಗೂ ಮಾಡಿದ್ದರು.

ಚಿಕ್ಕತಾಯಮ್ಮ ಸೊಪ್ಪಿನ ಹೊರೆ ಇಳಿಸಿ ಬಂದು ವಿಷಯ ತಿಳಿದಾಗ ನನ್ನ ಸಂತೋಷ ಅಲ್ಲೇ ಇಂಗಿತು. "ಒಳ್ಗೆ ಬೆಂಕಿಲಿ ಬೇಯ್ತಳಲ್ಲ, ಒಸಿ ತಣ್ಗೆ ಗಾಳಿ ಆಡ್ಲಿ ಅಂತ ಕಟ್ದೆ ಸಾ" ಎಂದವರು ಕಿಟಕಿಯ ಕಡೆ ತಿರುಗಿ, "ನನ್ ಕೈಯಾರ ನಾನೇ ಕೆಡುಸ್ಬುಟ್ನಲ್ಲ. ಎರಡ್ ದಪ ಮಗ ಅತ್ಕೊಂಡು ಕೂತಿದ್ಲು. ನಾನೇ ಸಮಾದಾನ ಮಾಡ್ದೆ" ಎಂದರು. ತಾಟನ್ನು ಕಿಟಕಿಯಿಂದ ಎಳೆದು, ಮಡಿಸಿ, ಸೊಪ್ಪಿನ ಮೇಲೆ ಹಾಕಿ ಬಂದರು. ನನ್ನ ಕಡೆ ನೋಡಲಿಲ್ಲ. ದೋಷ ಸಿಕ್ಕ ದಿನ ಇಷ್ಟು ಬೇಜಾರಾದದ್ದು ನನ್ನ ಸರ್ವೀಸಿನಲ್ಲಿ ಅದೊಂದೇ ಸಲ.

ಕೋಚ್‌ಗೆ ವಿಡಿಯೋ ಕಾಲ್ ಮಾಡಿದೆ. ಒದ್ದೆ ಗೋಣಿ ಎಂದಾಗ ಅವರು ನಕ್ಕುಬಿಟ್ಟರು. ನಾನು ಮಾತು ಬೆಳೆಸದೆ ಫೋನನ್ನು ಲ್ಯಾಪ್‌ಟಾಪಿನ ಕಡೆ ತಿರುಗಿಸಿ, ರಂಜಿತಳಿಗೆ ತುಳಿಯಲು ಹೇಳಿ, ತಾಟು ಇಳಿಬಿಟ್ಟೆ, ಎತ್ತಿದೆ. ಅತ್ತಲಿಂದ ನಗು ನಿಂತಿತು. "ಇನ್ನೊಂದು ಸಲ ಇಳಿಬಿಡಿ ಸರ್" ಎಂದರು. ಆಮೇಲೆ, "ಒಣಗಿದ್ದು ಹಾಕಿ ನೋಡಿ." ಅದನ್ನೂ ಹಾಕಿದೆ, ಗೆರೆ ಅಲುಗಾಡಲಿಲ್ಲ. ಅವರಿಗೂ ನನ್ನದೇ ಹುಚ್ಚು ಹತ್ತಿದ್ದು ನೋಡಿ ಹಿತವೆನಿಸಿತು. "ಆ ಹುಡುಗಿಗೆ ಫೋನ್ ಕೊಡಿ" ಎಂದು, ತಮ್ಮ ಅನುಮಾನಕ್ಕೆ ಅವಳ ಹತ್ತಿರ ನೇರವಾಗಿ ಕ್ಷಮೆ ಕೇಳಿದರು. ಮೂರನೇ ಪರೀಕ್ಷೆ ಭಾನುವಾರ ಹತ್ತು ಗಂಟೆಗೆ ಎಂದು ನಿಗದಿಯಾಯಿತು.

ಉಳಿದದ್ದು ಪರಿಹಾರ. ಅದು ಮೊದಲ ದಿನದಿಂದ ನನ್ನ ಚೀಲದಲ್ಲೇ ಇತ್ತು, ಐದು ಮೀಟರಿನ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್. ಡಾಂಗಲನ್ನು ಲ್ಯಾಪ್‌ಟಾಪಿನಿಂದ ಕಿತ್ತು ಕೇಬಲಿನ ತುದಿಗೆ ಸಿಕ್ಕಿಸಿ, ಕಿಟಕಿಯ ಸರಳಿನ ನಡುವೆ ಒಳಗೆ ತೂರಿಸಿ, ಟ್ರೈನರಿನಿಂದ ಒಂದಡಿ ದೂರದಲ್ಲಿ ಒಂದು ಕಲ್ಲಿಗೆ ಕಟ್ಟಿದೆ. ಈಗ ರೇಡಿಯೋ ದಾರಿ ಕೋಣೆಯ ಒಳಗೇ ಮುಗಿಯಿತು. ಕಿಟಕಿ ದಾಟುವುದು ತಂತಿ, ಅದಕ್ಕೆ ಒದ್ದೆಯ ಭಯವಿಲ್ಲ.

ಆದರೆ ಭಾನುವಾರ ನಾನು ಹೋದಾಗ ಕಿಟಕಿ ಖಾಲಿಯಿತ್ತು. ಒಂಬತ್ತೂವರೆಗೇ ತಗಡು ಕಾದಿತ್ತು. ಚಿಕ್ಕತಾಯಮ್ಮ ಅಂಗಳದ ಆ ತುದಿಯಲ್ಲಿ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು. ಮಗಳು ಕರೆದಳು. "ಅವ್ವ, ತಾಟ್ ಕಟ್ಟು ಬಾ."

"ನಾ ಮುಟ್ಟಕಿಲ್ಲ ಕಣವ್ವ. ಇವತ್ತೊಂದಿನ ತಡ್ಕೊ."

"ತಾಟಿಲ್ದೆ ಇಪ್ಪತ್ ನಿಮ್ಸ ನನ್ಗಾಗಲ್ಲ. ಅಬ್ಯಾಸ ಮಾಡಿರೋದೇ ಅಂಗೆ."

ಅವರು ಕದಲಲಿಲ್ಲ. ಕೇಬಲಿನ ವಿಷಯ ನಾನು ಬಿಡಿಸಿ ಹೇಳಿದ್ದೆ, ಅವರಿಗೆ ಅರ್ಥವೂ ಆಗಿತ್ತು. ನಂಬಿಕೆ ಬಂದಿರಲಿಲ್ಲ, ಅಷ್ಟೆ. ಮಾತಿನಿಂದ ಬರುವ ನಂಬಿಕೆಯೂ ಅಲ್ಲ ಅದು. ನಾನೇ ತಾಟು ತೆಗೆದು, ತೊಟ್ಟಿಯಲ್ಲಿ ಅದ್ದಿ, ಕಿಟಕಿಗೆ ಇಳಿಬಿಟ್ಟು, ಮೇಲಿನಿಂದ ಇನ್ನೂ ಎರಡು ಬಿಂದಿಗೆ ನೀರು ಸುರಿದೆ. ನನ್ನ ಪಂಚೆ, ಚಪ್ಪಲಿ ಎಲ್ಲ ಒದ್ದೆ. ರಂಜಿತ ತುಳಿದಳು. "ಇಲ್ಲಿ ಬಂದು ನೋಡಿ" ಎಂದು ಚಿಕ್ಕತಾಯಮ್ಮನವರನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ. ಹಸಿರು ಗೆರೆ ಒಂದೇ ಸಮನೆ ಓಡುತ್ತಿತ್ತು. ಅವರು ಅದನ್ನು ನೋಡಿದರು, ತೊಟ್ಟಿಕ್ಕುವ ತಾಟನ್ನು ನೋಡಿದರು, ಮತ್ತೆ ಗೆರೆ ನೋಡಿದರು. ಆಮೇಲೆ ಎದ್ದು ಹೋಗಿ, ನಾನು ಸೊಟ್ಟಗೆ ಕಟ್ಟಿದ್ದ ತಾಟನ್ನು ಬಿಚ್ಚಿ ನೇರಕ್ಕೆ ಕಟ್ಟಿದರು.

ಹತ್ತು ಗಂಟೆಗೆ ಪರೀಕ್ಷೆ ಶುರುವಾಯಿತು. ಇಪ್ಪತ್ತು ನಿಮಿಷವೂ ನಾನು ಪರದೆ ನೋಡುತ್ತಾ ಕೂತೆ. ಚಿಕ್ಕತಾಯಮ್ಮ ತಾಟು ಒಣಗಲು ಬಿಡಲಿಲ್ಲ. ಬಿಂದಿಗೆ ಹಿಡಿದು ನಿಂತು, ಮಗಳ ಉಸಿರು ಏರಿದಾಗಲೆಲ್ಲ ಒಂದಿಷ್ಟು ನೀರು ಚಿಮುಕಿಸಿದರು. ಗೆರೆ ಒಮ್ಮೆಯೂ ಕಡಿಯಲಿಲ್ಲ. ಕೊನೆಯ ಎರಡು ನಿಮಿಷ ಅದು ಮೇಲಕ್ಕೇರಿತು. ಸರಾಸರಿ 208 ವ್ಯಾಟ್. ಆ ಅಂಕಿಯ ಬೆಲೆ ನನಗೆ ತಿಳಿಯದು, ಫೋನಿನ ಆ ತುದಿಯಲ್ಲಿ ಕೋಚ್ "ಭೇಷ್" ಎಂದದ್ದು ಕೇಳಿಸಿತು. ರಂಜಿತ ಇಳಿದು ಬಂದು, ಕಿಟಕಿಯ ಒದ್ದೆ ತಾಟಿಗೇ ಮುಖ ಒತ್ತಿ ನಿಂತಳು. ಆಚೆ ಬದಿಯಲ್ಲಿ ಅವಳ ತಾಯಿ ನಿಂತಿದ್ದರು.

ಅವಳು ಆಯ್ಕೆಯಾದಳು. ಜೂನ್‌ನಲ್ಲಿ ತರಬೇತಿ ಕೇಂದ್ರದ ಹಾಸ್ಟೆಲಿಗೆ ಹೋದಳು. ಅಲ್ಲಿ ಏಸಿ ಹಾಲ್ ಇದೆಯಂತೆ.

ಇಷ್ಟು ವರ್ಷದ ಕೆಲಸ ನನಗೆ ಉಪಕರಣಗಳನ್ನು ನಂಬುವುದು ಕಲಿಸಿತ್ತು. ಆ ಬೇಸಿಗೆ ಇನ್ನೊಂದನ್ನು ಕಲಿಸಿತು. ರಿಪೇರಿಗೆ ಹೋದವನು ಆ ಮನೆಯಲ್ಲಿ ನೆಂಟನಾಗಿರುವವರೆಗೂ ಮನೆ ತನ್ನ ನಿಜವಾದ ದಿನವನ್ನು ಅವನಿಗೆ ತೋರಿಸುವುದಿಲ್ಲ. ಅದರಲ್ಲಿ ಮೋಸವೇನೂ ಇಲ್ಲ, ಅದು ಮರ್ಯಾದೆ. ಅದಕ್ಕೇ ಈಗ ಯಾರ ಮನೆಯ ವೈಫೈ ನೋಡಲು ಹೋದರೂ ಕಾಫಿ ಬೇಡ ಎಂದು ಮೊದಲೇ ಹೇಳಿ, ಒಂದು ಮೂಲೆಯಲ್ಲಿ ಸುಮ್ಮನೆ ಕೂರುತ್ತೇನೆ. ಬೀದಿಯವರು ನನಗೆ ವಯಸ್ಸಾಯಿತು ಎಂದುಕೊಂಡಿದ್ದಾರೆ.

ಹೋದ ತಿಂಗಳು ಬೆಳಕವಾಡಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಆ ಹಳ್ಳಿಗೆ ಹೋಗಿದ್ದೆ. ಹೇಳದೆ ಹೋದದ್ದು. ಅಂಗಳ ಗುಡಿಸಿರಲಿಲ್ಲ, ಜಗುಲಿಯ ಮೇಲೆ ಸೊಪ್ಪಿನ ಕಡ್ಡಿ ಚೆಲ್ಲಿತ್ತು. ಚಿಕ್ಕತಾಯಮ್ಮ ಹೊರೆ ಹೊತ್ತು ಹುಳುಮನೆಗೆ ಹೊರಟಿದ್ದವರು ನನ್ನನ್ನು ಕಂಡು ನಿಲ್ಲಲೂ ಇಲ್ಲ. "ನೀವಾ? ಕೂತ್ಕಳಿ, ಸೊಪ್ ಆಕ್ಬುಟ್ ಬತ್ತೀನಿ. ನೀರು ಬೇಕಾದ್ರೆ ಅಲ್ಲೇ ಕೊಡ್ದಲ್ಲಿ ಅದೆ, ಬಗ್ಗಿಸ್ಕಳಿ" ಎಂದು ಒಳಗೆ ಹೋದರು.

ಕಡ್ಡಿಗಳನ್ನು ಪಕ್ಕಕ್ಕೆ ಸರಿಸಿ ಕೂತೆ. ಕೊಡ ನಾನೇ ಬಗ್ಗಿಸಿಕೊಂಡೆ.